ಪೂಲಿನ ಮುಖ ತಿದ್ದಿದ ವರ್ಷ

ಮೊನ್ನೆ ಮೊಮ್ಮಗ ಮನೆಯ ಬಾಗಿಲುಗಳಿಗೆ ಬಣ್ಣ ಹಚ್ಚಿಸಿದ. ಬಣ್ಣದವನು ಬ್ರಶ್ ತೊಳೆಯಲು ಡಬ್ಬಿಯ ಮುಚ್ಚಳ ತೆಗೆದನೋ ಇಲ್ಲವೋ, ಟರ್ಪೆಂಟೈನಿನ ವಾಸನೆ ಪಡಸಾಲೆಯ ತುಂಬ ಹರಡಿತು. ನಾನು ಊಟಕ್ಕೆ ಕೂತಿದ್ದೆ. ಮುರಿದ ರೊಟ್ಟಿ ಕೈಯಲ್ಲೇ ಉಳಿಯಿತು.

"ಯಾಕ ಆಯಿ, ತಲಿ ತಿರಗಾಕತ್ತೇತೇನು?" ಎಂದಳು ಮೊಮ್ಮಗನ ಹೆಂಡತಿ.

"ಏನಿಲ್ಲವ್ವ, ವಾಸನಿ" ಎಂದು ಸುಮ್ಮನಾದೆ. ವಾಸನೆಯಲ್ಲ, ಭಯ. ಐವತ್ತು ವರ್ಷದ ಮೇಲಾಯಿತು, ಇನ್ನೂ ಹೋಗಿಲ್ಲ. ಮನೆಯಲ್ಲಿ ಯಾರಿಗೂ ಅದನ್ನು ಹೇಳಿದವಳಲ್ಲ. ಈಗ ಹೇಳಿದರೆ ಯಾರಿಗೂ ನಷ್ಟವಿಲ್ಲ, ಲಾಭವೂ ಇಲ್ಲ.

ಅದು ನಲವತ್ಮೂರರ ಮಳೆಗಾಲ. ನನಗಾಗ ಹತ್ತೊಂಬತ್ತು. ನಿಡೋಣಿಯಲ್ಲಿ ಹುಟ್ಟಿ, ಕನ್ನಡ ನಾಲ್ಕನೇ ಇಯತ್ತೆಯವರೆಗೆ ಕಲಿತು, ವಿಜಾಪುರದ ಜೋರಾಪುರ ಪೇಟೆಗೆ ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ನಮ್ಮ ಯಜಮಾನರನ್ನು ಊರೆಲ್ಲ ಫೋಟೋ ಗುರಪ್ಪ ಎನ್ನುತ್ತಿತ್ತು. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ, ಹಿಂದಿನದು ಕತ್ತಲೆ ಕೋಣೆ, ನಡುವೆ ಅಡುಗೆಮನೆ. ಹೀಗಾಗಿ ನಮ್ಮ ಸಾರಿನಲ್ಲಿ ಕೂಡ ಫೋಟೋ ತೊಳೆಯುವ ಔಷಧದ ವಾಸನೆ ಇರುತ್ತಿತ್ತು ಎಂದು ನಮ್ಮ ತಮ್ಮ ಬಂದಾಗೆಲ್ಲ ಚಾಷ್ಟಿ ಮಾಡುತ್ತಿದ್ದ.

ಆಗ ಫೋಟೋ ಮೂಡುತ್ತಿದ್ದದ್ದು ಗಾಜಿನ ಪ್ಲೇಟಿನ ಮೇಲೆ. ಪ್ಲೇಟಿನಲ್ಲಿ ಎಲ್ಲ ಉಲ್ಟಾ: ಬೆಳ್ಳಗಿದ್ದದ್ದು ಕಪ್ಪು, ಕಪ್ಪಗಿದ್ದದ್ದು ತಿಳಿ. ಮುಖದ ಮೇಲೆ ಸಿಡುಬಿನ ಕಲೆ ಇದ್ದರೆ ಗಾಜಿನಲ್ಲಿ ಅದು ತಿಳಿ ಚುಕ್ಕೆಯಾಗಿ ಕಾಣುತ್ತದೆ. ಟರ್ಪೆಂಟೈನಿನಲ್ಲಿ ರಾಳ ಕರಗಿಸಿದ ಎಣ್ಣೆಯನ್ನು ಗಾಜಿಗೆ ಒರೆಸಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಆ ತಿಳಿಯನ್ನು ತುಂಬಿದರೆ ಕಾಗದದ ಮೇಲೆ ಕಲೆಯೇ ಬರುವುದಿಲ್ಲ. ಇದಕ್ಕೆ ನಾವು ಮುಖ ತಿದ್ದುವುದು ಎನ್ನುತ್ತಿದ್ದೆವು. ಸಿಡುಬು ಬಾರದ ಮನೆಯೇ ಇಲ್ಲದ ಕಾಲ. ಫೋಟೋಕ್ಕಿಂತ ತಿದ್ದುವುದಕ್ಕೇ ಜನ ನಮ್ಮಲ್ಲಿಗೆ ಬರುತ್ತಿದ್ದರು.

ಆ ಕೆಲಸ ನನಗೆ ಕಲಿಸಿದವರು ರಸೂಲ್ ಚಾಚಾ. ನಮ್ಮ ಮಾವನವರ ಕಾಲದಿಂದ ಸ್ಟುಡಿಯೋದಲ್ಲಿದ್ದವರು. ಕಣ್ಣಿಗೆ ಪೊರೆ ಬಂದು ಪೆನ್ಸಿಲ್ ಕೆಳಗಿಟ್ಟಾಗ ನನ್ನನ್ನು ಕಿಟಕಿಯ ಮುಂದೆ ಕೂರಿಸಿ, "ನಿನ್ನ ಕೈ ಹಗುರ ಐತಿ ಬೇಟಿ, ನೀ ಕಲಿ" ಎಂದರು. ಎರಡೇ ವರ್ಷದಲ್ಲಿ ನನ್ನ ಕೈ ಎಷ್ಟು ಚಲೋ ಆಯಿತೆಂದರೆ, ಟಿಕೋಟಾದ ಒಂದು ಕನ್ಯೆಯ ಫೋಟೋ ನೋಡಿ ಒಪ್ಪಿದ ಗಂಡಿನ ಕಡೆಯವರು, ಹುಡುಗಿಯನ್ನು ಕಣ್ಣಾರೆ ಕಂಡ ಮೇಲೆ ನಮ್ಮ ಬಾಗಿಲಿಗೆ ಜಗಳಕ್ಕೆ ಬಂದರು. ಮದುವೆ ಆಯಿತು ಬಿಡಿ. ಆದರೆ ಆ ಜಗಳ ಕೇಳಿ ನಾನು ಒಳಗೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೆ. ಅಷ್ಟು ಸೊಕ್ಕು ನನಗೆ.

ಆ ವರ್ಷ ವೈಶಾಖದಲ್ಲಿ ಚಿಕ್ಕಪ್ಪನ ಮಗಳ ಮದುವೆಗೆಂದು ನಾನು ನಾಲ್ಕು ದಿನ ನಿಡೋಣಿಗೆ ಹೋಗಿದ್ದೆ. ಆಗ ರೇಲ್ವೆಯ ಓವರ್‌ಸಿಯರ್ ಸಾಹೇಬರು ನಮ್ಮ ಸ್ಟುಡಿಯೋಕ್ಕೆ ಬಂದಿದ್ದರು. ಜೊತೆಗೆ ಸಿದ್ದಪ್ಪನೆಂಬ ಗ್ಯಾಂಗ್‌ಮನ್. ಅರಕೇರಿಯವನು, ದಿನಾ ಹಳಿಯ ಮೇಲೆ ನಡೆದು, ಸಡಿಲಾದದ್ದು ಮುರಿದದ್ದು ನೋಡುವುದು ಅವನ ಕೆಲಸ. ಸ್ಟೇಶನ್ನಿನ ಆಚೆ, ಊರ ಹೊರಗಿನ ಹೊಸ ಓಣಿಗಳ ಪಕ್ಕ, ಹಳ್ಳದ ಮೇಲೆ ಮೂರು ಕಮಾನಿನ ಕಲ್ಲಿನ ಸೇತುವೆಯಿತ್ತು, ನಮ್ಮ ಬಾಯಲ್ಲಿ ಪೂಲು. ಅದರ ಮೇಲೆಯೇ ರೇಲ್ವೆ ಹೋಗುತ್ತಿತ್ತು. ಆ ಪೂಲು ಬಿರುಕು ಬಿಟ್ಟಿದೆ ಎಂದು ಸಿದ್ದಪ್ಪ ಆರು ತಿಂಗಳಿಂದ ಹೇಳುತ್ತಿದ್ದ. ಸಾಹೇಬರು ಎರಡು ಸಲ ಮೇಲಕ್ಕೆ ಬರೆದರು. ಯುದ್ಧದ ಕಾಲ, ದೂರದ ದೊಡ್ಡ ಆಫೀಸಿನವರಿಗೆ ಬಂದು ನೋಡಲು ಪುರುಸೊತ್ತಿಲ್ಲ. ಫೋಟೋ ಕಳಿಸಿರಿ ಎಂದರು. ಹಿಂದಿನ ಮಳೆಗಾಲದಲ್ಲಿ ಹಳ್ಳ ಉಕ್ಕಿ ಓಣಿಗಳಲ್ಲಿ ಎದೆಮಟ್ಟ ನೀರು ನಿಂತಿತ್ತು. ಅದರ ಗೆರೆ ಇನ್ನೂ ಗೋಡೆಗಳ ಮೇಲಿತ್ತು. ನೀರು ಎಷ್ಟು ಏರಿ ಪೂಲಿಗೆ ಬಡಿಯಿತೆಂದು ತಿಳಿಯಲಿ ಎಂದು ಓಣಿಗಳದೂ ಫೋಟೋ ತೆಗೆಸಿದರು. ಐದು ಪ್ಲೇಟು ಓಣಿಗಳದು, ನಾಲ್ಕು ಪೂಲಿನದು.

ಇದೆಲ್ಲ ನಾನು ಆಮೇಲೆ ಕೇಳಿ ತಿಳಿದದ್ದು. ನಾನು ತವರಿನಿಂದ ಬಂದಾಗ ಒಂಬತ್ತೂ ಪ್ಲೇಟು ಒಣಗಿ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತಿದ್ದವು. ಯಜಮಾನರು ಕ್ಯಾಮೆರಾ ಹೊರಿಸಿಕೊಂಡು ಬಬಲೇಶ್ವರದ ಗೌಡರೊಬ್ಬರ ಮನೆಗೆ ಹೊರಟಿದ್ದರು. ಹೊಸ್ತಿಲು ದಾಟುತ್ತ, "ಅವು ರೇಲ್ವೆದವರ ಪ್ಲೇಟ್ ಅದಾವ. ಸೋಮವಾರ ಕೊಡಬೇಕು. ಧೂಳಾ ಪಾಳಾ ಕುಂತಿದ್ರ ನೋಡಿ ಇಡ ಬೇ" ಎಂದಷ್ಟೇ ಹೇಳಿ ಹೋದರು.

ಧೂಳು ನೋಡು ಎಂದಿದ್ದರು. ನಾನು ಅಷ್ಟಕ್ಕೇ ನಿಲ್ಲುವವಳೇ? ಒಂದೊಂದು ಪ್ಲೇಟನ್ನೂ ಕಿಟಕಿಗೆ ಹಿಡಿದೆ. ಸ್ಟೇಶನ್ ಬದಿಯ ಓಣಿಗಳನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಮನೆ, ಗುಡಿ, ವರ್ಷಕ್ಕೊಮ್ಮೆ ಚಕ್ಕಡಿಯಲ್ಲಿ ತವರು, ಇಷ್ಟೇ ನನ್ನ ಊರು. ಬೇವಿನ ಗಿಡದ ಕೆಳಗೆ ಟಾಂಗಾ, ಕಟ್ಟೆಯ ಮೇಲೆ ಒಣಗಿದ ಸೀರೆ, ಸಾಲಾಗಿ ಮನೆಗಳು. ಆದರೆ ಗೋಡೆಗಳ ಮೇಲೆ ಅಡ್ಡಡ್ಡ ಒಂದು ಕೊಳಕು ಗೆರೆ. ಪೂಲಿನ ಪ್ಲೇಟುಗಳಲ್ಲಂತೂ ಕಮಾನಿನ ನೆತ್ತಿಯಿಂದ ಕಂಬದವರೆಗೆ ಕೂದಲೆಳೆಯಂಥ ಗೀರುಗಳು. ಒಂದು, ಅದರ ಪಕ್ಕ ಇನ್ನೊಂದು, ಕೆಳಗೆ ಕವಲೊಡೆದ ಮೂರನೆಯದು. ಯುದ್ಧ ಶುರುವಾದಂದಿನಿಂದ ಬರುತ್ತಿದ್ದ ಪ್ಲೇಟುಗಳೇ ಹಾಗೆ, ಗೀರು ಗುಳ್ಳೆ ಇದ್ದೇ ಇರುತ್ತಿದ್ದವು. ಗೀರು ಬಿಟ್ಟು ಪ್ಲೇಟ್ ಕೊಡುವುದೆಂದರೆ ಹರಕು ಅಂಗಿ ತೊಟ್ಟು ಬೀಗರ ಮನೆಗೆ ಹೋದಂತೆ ಎಂದು ಚಾಚಾ ಕಲಿಸಿದ್ದರು.

ಎರಡು ದಿನ ಕೂತು ತಿದ್ದಿದೆ. ಗೋಡೆಗಳ ಗೆರೆ ತೆಗೆದೆ. ಪೂಲಿನ ಒಂದೊಂದು ಗೀರನ್ನೂ ಎಳೆಎಳೆಯಾಗಿ ತುಂಬಿ, ಸುತ್ತಲಿನ ಕಲ್ಲಿಗೆ ಹೊಂದಿಸಿದೆ. ಅಳತೆ ತಿಳಿಯಲೆಂದು ಕಮಾನಿನ ಕೆಳಗೆ ಒಬ್ಬ ಮನುಷ್ಯನನ್ನು ಕೋಲು ಹಿಡಿಸಿ ನಿಲ್ಲಿಸಿದ್ದರು. ಜೋಳದ ಕಾಳಿನಷ್ಟಿದ್ದ ಅವನ ಮುಖವನ್ನೂ ಬಿಡಲಿಲ್ಲ. ಯಜಮಾನರು ತಿರುಗಿ ಬಂದ ದಿನ ನನಗೆ ತಲೆನೋವು, ಆದರೂ ಹೇಳಿಕೊಳ್ಳಲಾರದಷ್ಟು ಹೆಮ್ಮೆ. ಅವರು ಒಂಬತ್ತನ್ನೂ ಕಾಗದಕ್ಕೆ ಇಳಿಸಿ, ತೊಳೆದು, ಹಗ್ಗಕ್ಕೆ ಹಾಕಿದರು. ಒಂದು ಮಾತೂ ಆಡಲಿಲ್ಲ. ಮರುದಿನ ಮುಂಜಾನೆ ಸಾಹೇಬರ ಜವಾನ ಬಂದು ಫೋಟೋ ಒಯ್ದ, ಪ್ಲೇಟು ನಮ್ಮಲ್ಲೇ ಉಳಿದವು. ಕಣ್ಣು ಕೆಡಿಸಿಕೊಂಡದ್ದಕ್ಕೆ ಒಂದು ಚಲೋ ಮಾತು ಬೇಡವೇ ಎಂದು ನಾನು ಎರಡು ದಿನ ಅವರೊಡನೆ ಮುಖ ಊದಿಸಿಕೊಂಡೇ ಇದ್ದೆ.

ಶ್ರಾವಣ ಬಂತು. ಒಂದು ಮಧ್ಯಾಹ್ನ ಯಜಮಾನರಿಲ್ಲದ ಹೊತ್ತಿನಲ್ಲಿ ನಲವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ಬಂದು ಕಟ್ಟೆಗೆ ಕೂತಳು. ಮುಖ ಬಾಡಿತ್ತು. ನೀರು ಕೊಟ್ಟೆ, ಕುಡಿಯಲಿಲ್ಲ.

"ನಾ ಗ್ಯಾಂಗ್‌ಮನ್ ಸಿದ್ದಪ್ಪನ ಹೆಂಡ್ತಿ ಕಾಶವ್ವ ಅಂತ್ರಿ" ಎಂದಳು. "ನಿಮ್ಮ ಮನಿಯವರು ತಗದ ಫೋಟೋ ನೋಡಿ ದೊಡ್ಡ ಸಾಹೇಬರು ಬರದಾರಂತ. ಪೂಲಿಗೆ ಏನೂ ಆಗಿಲ್ಲ, ಗೆರಿ ಸೈತ ಇಲ್ಲ, ಗ್ಯಾಂಗ್‌ಮನ್ ಸುಳ್ಳ ಹೇಳಿ ಮಂದಿಗೆ ಅಂಜಸಾಕತ್ತಾನ ಅಂತ. ಇವರನ್ನ ಕೆಲಸದಿಂದ ನಿಂದರಿಸ್ಯಾರ್ರಿ. ಪೊಲೀಸರು ಬಂದು, ಪೂಲ್ ಬೀಳತೈತಿ ಅನ್ನೂದು ನಿನಗ ಯಾರ ಕಲಿಸ್ಯಾರ ಹೇಳು ಅಂತ ಎರಡ ದಿನ ಕುಂಡರಿಸಿಕೊಂಡಿದ್ರು."

ಹಿಂದಿನ ವರ್ಷವಷ್ಟೇ ಚಳವಳಿಯಲ್ಲಿ ಊರೂರಿಗೆ ತಂತಿ ಕತ್ತರಿಸಿದ್ದರು, ಹಳಿ ಕಿತ್ತಿದ್ದರು. ರೇಲ್ವೆ, ಪೂಲು ಎಂಬ ಮಾತು ಬಾಯಿಗೆ ಬಂದರೆ ಸಾಕು, ಪೊಲೀಸರ ಕಿವಿ ನೆಟ್ಟಗಾಗುತ್ತಿತ್ತು.

"ಮನಿಗೆ ಬಂದಾಗಿಂದ ಯಪ್ಪಾ ಅನ್ನೂದು ಬಿಟ್ರ ನನ್ನ ಗಂಡನ ಬಾಯಾಗ ಮಾತಿಲ್ರಿ" ಎಂದಳು ಕಾಶವ್ವ. "ನಾ ಕಣ್ಣಿಲೆ ನೋಡೀನಿ, ಕೈಬೆರಳ ಹೋಗೂವಷ್ಟ ಬಿರುಕ ಐತಿ. ಫೋಟೋದಾಗ ಯಾಕ ಬರಲಿಲ್ಲ? ಅದನ್ನ ಕೇಳಾಕ ಬಂದೆ."

ನನ್ನ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟೆ. ಇಡದಿದ್ದರೆ ಬೀಳುತ್ತಿತ್ತು. ಗೀರುಗಳು. ಕಮಾನಿನ ನೆತ್ತಿಯಿಂದ ಕಂಬದವರೆಗೆ. ಕವಲೊಡೆದ ಮೂರನೆಯದು. "ಅವರು ಬಂದ ಮ್ಯಾಲ ಕೇಳತೀನಿ" ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು.

ಮರುದಿನ ಕಾಶವ್ವ ಮತ್ತೆ ಬಂದಳು. ಬಿರುಕು ನನಗೂ ತೋರಿಸು ಎಂದು, ಗುಡಿಗೆ ಹೋಗುವ ನೆಪ ಮಾಡಿ ಅವಳ ಹಿಂದೆ ಸ್ಟೇಶನ್ ಬದಿಗೆ ಹೋದೆ. ಆ ಓಣಿಗಳಲ್ಲಿ ಕಾಲಿಟ್ಟದ್ದು ಅದೇ ಮೊದಲು, ಆದರೆ ಪ್ರತಿಯೊಂದು ಮನೆ ನನಗೆ ಪರಿಚಯ. ಆ ಬೇವಿನ ಗಿಡ, ಆ ಕಟ್ಟೆ. ನಾನು ಅಳಿಸಿದ್ದ ನೀರಿನ ಗೆರೆ ಗೋಡೆಗೋಡೆಯ ಮೇಲೂ ಇತ್ತು, ನನ್ನ ಎದೆಯ ಮಟ್ಟಕ್ಕೆ. ಅದರ ಕೆಳಗೆ ಮಕ್ಕಳು ಆಡುತ್ತಿದ್ದವು. ಹಳ್ಳದ ದಂಡೆಗೆ ಇಳಿದು ಪೂಲಿನ ಕೆಳಗೆ ನಿಂತೆ. ಬಿರುಕುಗಳು ನಾನು ತುಂಬಿದ ಜಾಗದಲ್ಲೇ ಇದ್ದವು, ಒಂದೂ ಕಡಿಮೆಯಿರಲಿಲ್ಲ. ಕೈ ಚಾಚಿ ಬೆರಳು ಇಟ್ಟೆ. ಒಳಗೆ ಹೋಯಿತು, ತಂಪಾಗಿತ್ತು. ಅಷ್ಟರಲ್ಲಿ ಮಧ್ಯಾಹ್ನದ ಗಾಡಿ ಬಂತು. ತಲೆಯ ಮೇಲೆ ಪೂಲು ನಡುಗಿತು. ಸಂದಿನಿಂದ ಸುಣ್ಣದ ಹಿಟ್ಟು ಉದುರಿ ನನ್ನ ಸೆರಗಿನ ಮೇಲೆ ಬಿತ್ತು. ನಾನು ಕೂಗಿಕೊಂಡೆನಂತೆ; ನನಗೆ ಕೇಳಿಸಲಿಲ್ಲ.

ಅಂದಿನಿಂದ ನನ್ನ ಬಾಳು ಆ ಗಾಡಿಯ ಗಾಲಿಗೆ ಸಿಕ್ಕಿತು. ಜೋರಾಪುರ ಪೇಟೆಗೆ ಸೀಟಿ ಸಣ್ಣಗೆ ಕೇಳುತ್ತಿತ್ತು. ಸ್ಟೇಶನ್ನಿನಿಂದ ಹೊರಡುವಾಗ ಒಂದು ಸೀಟಿ, ಪೂಲು ದಾಟಿ ತಿರುವಿನಲ್ಲಿ ಇನ್ನೊಂದು. ಎರಡರ ನಡುವೆ ನನ್ನ ಉಸಿರು ನಿಲ್ಲುತ್ತಿತ್ತು. ರೊಟ್ಟಿ ಬಡಿಯುತ್ತಿದ್ದರೆ ಕೈ ನಿಲ್ಲುತ್ತಿತ್ತು, ಹಂಚಿನ ಮೇಲಿನದು ಕರಕಾಗುತ್ತಿತ್ತು. ಎರಡನೆಯ ಸೀಟಿ ಕೇಳಿದ ಮೇಲೆ ಮೈಯೆಲ್ಲ ಬೆವರು. ಗಾಡಿಯ ತುಂಬ ಜನ ಇರುತ್ತಾರೆ, ಬಾಣಂತಿಯರು ಇರುತ್ತಾರೆ, ಸಂತೆಗೆ ಹೋದವರು ಇರುತ್ತಾರೆ. ಪೂಲು ಕುಸಿದರೆ ಹಳ್ಳದ ನೀರು ಓಣಿಗೆ ತಿರುಗುತ್ತದೆ. ಇದೆಲ್ಲ ನನ್ನ ಪೆನ್ಸಿಲಿನಿಂದ.

ಹೇಳಿಬಿಡಬಹುದಿತ್ತಲ್ಲ ಎಂದು ಈಗ ಯಾರಾದರೂ ಕೇಳಿಯಾರು. ಹೇಳುವುದು ಯಾರಿಗೆ? ಯುದ್ಧದ ಕಾಲದಲ್ಲಿ ರೇಲ್ವೆಯವರ ಫೋಟೋ ತಿದ್ದಿ ಸುಳ್ಳು ಮಾಡಿದರು ಎಂದರೆ ಯಜಮಾನರನ್ನು ಹಿಡಿದು ಒಯ್ಯದೆ ಬಿಡುತ್ತಾರೆಯೇ? ಸುಳ್ಳು ಸುದ್ದಿ ಹಬ್ಬಿಸಿದನೆಂದೇ ಸಿದ್ದಪ್ಪನನ್ನು ಎರಡು ದಿನ ಕೂರಿಸಿದವರು, ನಮ್ಮನ್ನೇನು ಮಾಡಿಯಾರು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಾಗಿಲಲ್ಲಿ ಬೂಟಿನ ಸಪ್ಪಳವಾದರೆ ನಾನು ಕತ್ತಲೆ ಕೋಣೆಗೆ ಹೋಗಿ ನಿಲ್ಲುತ್ತಿದ್ದೆ. ಅಂಚೆಯವನು ಬಂದರೂ ಅಷ್ಟೇ.

ಯಜಮಾನರೂ ಸರಿ ಇರಲಿಲ್ಲ. ಊಟ ಅರ್ಧಕ್ಕೆ ಬಿಡುತ್ತಿದ್ದರು, ಮಾತಿಗೊಮ್ಮೆ ಸಿಡುಕುತ್ತಿದ್ದರು. ನನ್ನ ಗುಟ್ಟಿನ ವಾಸನೆ ಅವರಿಗೆ ಹತ್ತಿತೇನೋ ಎಂದು ನನಗೆ ಇನ್ನೊಂದು ಅಂಜಿಕೆ.

ಕೊನೆಗೆ ಚಾಚಾನ ಮುಂದೆ ಅತ್ತೆ. ಅವರು ಸಂಜೆಗಳಲ್ಲಿ ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದರು. ಎಲ್ಲ ಕೇಳಿ ಗಡ್ಡ ನೀವಿಕೊಂಡರು.

"ಗೀರು ಅಂತ ನಿನಗ ಹೇಳಿಕೊಟ್ಟಾಂವ ನಾ. ತಪ್ಪ ನಂದೂ ಐತಿ" ಎಂದರು. "ಪ್ಲೇಟ್ ಇನ್ನೂ ಅದಾವೇನು?"

"ಅದಾವ್ರಿ ಚಾಚಾ."

"ಮತ್ತ ಅಳತಿ ಯಾಕ ಬೇಟಿ? ಹತ್ತಿಗೆ ಟರ್ಪೆಂಟೈನ್ ಹಚ್ಚಿ ಒರಸು. ಪೆನ್ಸಿಲ್ ಅಳಿಸಿ ಹೋಗತೈತಿ, ಬಿರುಕು ಹಂಗ ಇರತೈತಿ. ಅಷ್ಟ ಮಾಡಿ ಗುರಪ್ಪಗ ಹೇಳು. ಹಳ್ಳ ಬರೂದಕ್ಕ ಮೊದಲ ಹೇಳು."

ಅಳಿಸಬಹುದೆಂಬುದು ನನಗೆ ಗೊತ್ತಿಲ್ಲದ ಮಾತೇನಲ್ಲ. ಅಂಜಿದ ತಲೆಗೆ ಗೊತ್ತಿದ್ದದ್ದೂ ಹೊಳೆಯುವುದಿಲ್ಲ. ಆದರೂ ನಾನು ಮತ್ತೆ ಹತ್ತು ಹನ್ನೆರಡು ದಿನ ಕಳೆದೆ. ಇವತ್ತು ಬೇಡ, ಅವರ ಮುಖ ಸರಿ ಇಲ್ಲ, ನಾಳೆ ಅಮವಾಸ್ಯೆ, ನಾಡಿದ್ದು ನೋಡೋಣ. ಇಂಥ ಹೇಡಿ ನಾನು.

ಉತ್ತರಿ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಬರುವುದೇ ಅಪರೂಪ, ಬಂದರೆ ಹಿಡಿದಲ್ಲಿ ಬಿಡುವುದಿಲ್ಲ. ಎರಡು ದಿನ ಬಿಡದೆ ಸುರಿಯಿತು. ಮಾಳಿಗೆಯ ಮಣ್ಣು ನೆನೆದು ಪಡಸಾಲೆಯಲ್ಲಿ ಅಲ್ಲಲ್ಲಿ ತಟ್ಟೆ ಇಟ್ಟಿದ್ದೆ. ಟಿಕೋಟಾ ಕಡೆ ಹಳ್ಳಗಳು ದಾರಿ ಕಟ್ಟಿವೆ ಎಂದು ಸುದ್ದಿ ಬಂತು. ಯಜಮಾನರು ಬೆಳಿಗ್ಗೆಯೇ ಬಬಲೇಶ್ವರಕ್ಕೆ ಹೊರಟುಹೋಗಿದ್ದರು. ಇನ್ನು ತಡೆಯಲಾಗಲಿಲ್ಲ. ಪೂಲಿನ ಪ್ಲೇಟುಗಳನ್ನು ಹೊರಗೆ ತೆಗೆದೆ. ಹತ್ತಿ ಅದ್ದಿ ಒರೆಸಿದೆ. ಒಂದು ಸಲ ಒರೆಸಿದರೆ ಎರಡು ದಿನದ ಕೆಲಸ ಹೋಗುತ್ತಿತ್ತು, ಬಿರುಕು ಒಂದೊಂದಾಗಿ ಬರುತ್ತಿತ್ತು. ನಾಲ್ಕನೆಯ ಪ್ಲೇಟಿಗೆ ಕೈ ಹಾಕಿದ್ದೆ, ಬಾಗಿಲಲ್ಲಿ ನೆರಳು ಬಿತ್ತು. ದಾರಿ ಕಟ್ಟಿದ್ದರಿಂದ ಯಜಮಾನರು ಅರ್ಧದಿಂದಲೇ ತಿರುಗಿ ಬಂದಿದ್ದರು. ಮೈಯಿಂದ ನೀರು ಸೋರುತ್ತಿತ್ತು. ಮೂಗಿಗೆ ವಾಸನೆ ಬಡಿದಿತ್ತು.

"ಏನ ಮಾಡಾಕತ್ತೀ?" ಎಂದರು.

ನಾನು ಎದ್ದು ನಿಂತೆ. ಹೇಳಬೇಕೆಂದು ಇಪ್ಪತ್ತು ದಿನ ಜೋಡಿಸಿಟ್ಟ ಮಾತೊಂದೂ ಬರಲಿಲ್ಲ. "ಆ ಬಿರುಕು ಅಳಿಸಿದಾಕಿ ನಾನರಿ. ಗೀರು ಅಂತ ತಿಳಕೊಂಡೆ" ಎಂದೆ.

ಅವರು ಒದ್ದೆ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಂಡಿದರು. "ನನಗ ಗೊತ್ತೈತಿ" ಎಂದರು.

"ಯಾವಾಗಿಂದ?"

"ಕಾಗದಕ್ಕ ಇಳಿಸಿದ ದಿನಾನ ನೋಡಿದೆ. ಪೂಲ್ ನಾ ಕಣ್ಣಾರೆ ಕಂಡಾಂವ, ತಿಳಿಯಂಗಿಲ್ಲೇನು? ಕಾಗದ ಮುಗದಿತ್ತು. ಸೋಮವಾರ ಜವಾನ ಬಾಗಲದಾಗ ನಿಂತಿದ್ದ. ಸಾಹೇಬರು ತಾವ ಬಿರುಕ ನೋಡ್ಯಾರ, ಫೋಟೋ ನೋಡಿದ ಕೂಡಲೆ ತಿರಗಿ ಕಳಸ್ತಾರ, ಆಗ ಒರಸಿ ಕೊಟ್ಟರಾತು ಅಂತ ಬಿಟ್ಟೆ. ಅವರು ನೋಡಲೇ ಇಲ್ಲ, ಲಕೋಟಿ ಕಟ್ಟಿ ಕಳಿಸಿಬಿಟ್ರು. ಆ ಮ್ಯಾಲ ಸಿದ್ದಪ್ಪನ್ನ ಹಿಡದರು. ಆಗ ಬಾಯಿ ತಗದರ, ತಿದ್ದಿದವರು ಯಾರು ಅಂತ ಕೇಳತಾರ. ನಿನ್ನ ಹೆಸರು ಹೇಳಬೇಕಾಗ್ತಿತ್ತು. ಹೆಣ್ಮಗಳನ್ನ ಠಾಣೇಕ ಕರಿಯೂದು ನಾ ಹೆಂಗ ನೋಡ್ಲಿ?"

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಒಂದೇ ಸೂರಿನ ಕೆಳಗೆ, ಒಂದೇ ತಟ್ಟೆ ಬಟ್ಟಲಲ್ಲಿ ಉಂಡು, ಒಂದೇ ಸೀಟಿಗೆ ಇಬ್ಬರೂ ಕಿವಿಗೊಟ್ಟು, ಒಬ್ಬರಿಗೊಬ್ಬರು ಮುಚ್ಚಿಟ್ಟಿದ್ದೆವು. "ಪೂಲ್ ಬಿದ್ದಿದ್ರ ಏನ ಮಾಡ್ತಿದ್ರಿ?" ಎಂದು ಕೇಳಿದೆ. ಆವತ್ತಿನವರೆಗೆ ಗಂಡನಿಗೆ ಆ ದನಿಯಲ್ಲಿ ಮಾತಾಡಿದವಳಲ್ಲ. ಅವರು ನಾಲ್ಕನೆಯದನ್ನು ತಾವೇ ಒರೆಸಿದರು. ಒಣ ಬಟ್ಟೆಯಲ್ಲಿ ಪ್ಲೇಟು ಸುತ್ತಿದರು. "ನಡಿ" ಎಂದರು.

ಗಾಜು ನನ್ನ ಉಡಿಯಲ್ಲಿ, ಕೊಡೆ ಅವರ ಕೈಯಲ್ಲಿ. ಟಾಂಗಾ ಸಿಗಲಿಲ್ಲ. ಮೊಣಕಾಲುದ್ದ ಕೆಸರಿನಲ್ಲಿ, ಎಲ್ಲಿ ಜಾರಿ ಬಿದ್ದು ಒಡೆಯುತ್ತೇನೋ ಎಂದು ಹೆಜ್ಜೆಹೆಜ್ಜೆಗೂ ಹೆದರಿ ನಡೆದೆ. ಸ್ಟೇಶನ್ ಮುಟ್ಟಿದಾಗಲೇ ಹಳ್ಳದ ಸದ್ದು ಕೇಳುತ್ತಿತ್ತು. ಓವರ್‌ಸಿಯರ್ ಸಾಹೇಬರು ತಮ್ಮ ಕೋಣೆಯಲ್ಲಿ ಒಬ್ಬರೇ ಇದ್ದರು. ಪ್ಲೇಟನ್ನು ಕಿಟಕಿಗೆ ಹಿಡಿದು ನೋಡಿದರು. ಒಂದಾದ ಮೇಲೊಂದು ನಾಲ್ಕೂ ನೋಡಿ ಕುರ್ಚಿಗೆ ಕುಸಿದರು.

"ಪ್ಯಾಕೆಟ್ ಕಟ್ಟೂ ಗಡಿಬಿಡಿಯೊಳಗ ಒಂಬತ್ತು ಅದಾವಿಲ್ಲೋ ಅಂತ ಎಣಿಸಿದೆ, ಕಣ್ಣಿಟ್ಟು ನೋಡಲಿಲ್ಲ" ಎಂದರು. "ಇದನ್ನ ಮ್ಯಾಲ ಕಳಿಸಿದ್ರ ಮೊದಲು ಹೋಗೂದು ನನ್ನ ನೌಕರಿ."

ಅಲ್ಲಿಯವರೆಗೆ ಸಾಹೇಬರೆಂದರೆ ಹೆದರಿಸುವವರು, ಅವರಿಗೆ ಹೆದರಿಕೆ ಇರುವುದಿಲ್ಲ ಎಂದುಕೊಂಡಿದ್ದೆ.

"ಗಾಡಿ ನಿಲ್ಲಸ್ರಿ ಸಾಹೇಬ್ರ" ಎಂದರು ಯಜಮಾನರು. "ಆಮ್ಯಾಲ ನಮ್ಮನ್ನ ಏನ ಬೇಕಾದ್ದು ಮಾಡ್ರಿ."

"ಹುಕುಂ ಬರೂತನಕ ನಿಲ್ಲಸೂ ಅಧಿಕಾರ ನನಗಿಲ್ಲ ಗುರಪ್ಪ. ಮಂದೀನ ಇಳಿಸಿ ಮೆಲ್ಲಕ ದಾಟಸೂ ಅಧಿಕಾರ ಅದ." ಎದ್ದು, ಬಾಗಿಲಿಗೆ ಹೋಗಿ, ತಿರುಗಿ ನನ್ನ ಕಡೆ ನೋಡದೆ ಹೇಳಿದರು. "ಯುದ್ಧದ ಕಾಗದ ಖರಾಬು ಇತ್ತು, ಮೊದಲನೇ ಫೋಟೋದಾಗ ಬಿರುಕ ಮೂಡಲಿಲ್ಲ. ಈಗ ಚಲೋ ಕಾಗದ ಸಿಕ್ಕೇತಿ, ಮತ್ತ ತಗದಾರ. ಇಷ್ಟ ನಾನೂ ಹೇಳಾಂವ, ನೀವೂ ಹೇಳ್ರಿ. ಇದರ ಹೊರ್ತು ಒಂದು ಮಾತು ಯಾರ ಬಾಯಿಂದನೂ ಬರಬಾರದು."

ನಾವು ಗೋಣು ಹಾಕಿದೆವು. ಮೂವರ ಭಯಕ್ಕೂ ಆ ಒಂದು ಸುಳ್ಳು ಸಾಕಾಯಿತು.

ಪೂಲಿನ ಹತ್ತಿರ ಹೋದಾಗ ಕೆಂಪು ನೀರು ಕಮಾನಿನ ಅರ್ಧಕ್ಕೆ ಏರಿತ್ತು. ಓಣಿಯ ಜನ ಗಂಟುಮೂಟೆ ಕಟ್ಟಿಕೊಂಡು ದಿಬ್ಬ ಹತ್ತಿದ್ದರು. ಸಿದ್ದಪ್ಪ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹಳಿಯ ಪಕ್ಕ ನಿಂತಿದ್ದ. ಕೆಲಸದಿಂದ ತೆಗೆದ ಮೇಲೂ ಮಳೆ ಬಂದಾಗೆಲ್ಲ ಅಲ್ಲಿ ಬಂದು ನಿಲ್ಲುತ್ತಿದ್ದನಂತೆ. ಕಾಶವ್ವ ಅವನಿಗೆ ಬುತ್ತಿ ತಂದವಳು, ದಿಬ್ಬದ ಮೇಲೆ ಇದ್ದಳು. ನಾನು ಅವಳ ಪಕ್ಕ ಹೋಗಿ ನಿಂತೆ. ಗಾಡಿ ಪೂಲಿನ ಈಚೆಗೆ ನಿಂತಿತು. ಜನರನ್ನು ಇಳಿಸಿದರು, ಬೈಯುತ್ತ, ಮಕ್ಕಳನ್ನು ಹೆಗಲಿಗೇರಿಸುತ್ತ ಅವರು ತಿರುಗಿ ಸ್ಟೇಶನ್ ಕಡೆ ನಡೆದರು. ಇಂಜಿನ್ನು ಖಾಲಿ ಡಬ್ಬಿಗಳನ್ನು ಎಳೆದು ದಾಟಬೇಕು, ಅದರ ಮುಂದೆ ಒಬ್ಬ ಹಸಿರು ಬಾವುಟ ಹಿಡಿದು ಹೆಜ್ಜೆಹೆಜ್ಜೆಗೂ ಕಲ್ಲು ನೋಡುತ್ತ ನಡೆಯಬೇಕು. ಸಾಹೇಬರು ಕೆಲಸದ ಮೇಲಿದ್ದ ಇಬ್ಬರನ್ನು ಕರೆದರು. ಇಬ್ಬರೂ ನೆಲ ನೋಡಿದರು.

"ನಾ ಹೊಕ್ಕೇನ್ರಿ" ಎಂದ ಸಿದ್ದಪ್ಪ. "ಎಲ್ಲಿ ಎಷ್ಟ ಬಿಟ್ಟೈತಿ ಅನ್ನೂದು ನನಗ ಗೊತ್ತೈತಿ."

ಅವನು ಪೂಲಿನ ಮೇಲೆ ಕಾಲಿಟ್ಟ. ಹಿಂದೆ ಇಂಜಿನ್ನು, ಮನುಷ್ಯನ ನಡಿಗೆಯಲ್ಲಿ. ಕಾಶವ್ವ ನನ್ನ ಮುಂಗೈ ಹಿಡಿದುಕೊಂಡಳು. ಅವಳು ಹಿಡಿದ ಬಿಗಿಗೆ ನನ್ನದೋ ಅವಳದೋ ಒಂದು ಬಳೆ ಚಿಟ್ಟೆಂದಿತು. ಇಬ್ಬರೂ ಕೆಳಗೆ ನೋಡಲಿಲ್ಲ. ಸಿದ್ದಪ್ಪ ನಡುಗಮಾನಿನ ಮೇಲೆ ನಿಂತ, ಬಗ್ಗಿದ, ಕೈಯಿಂದ ತಡೆ ಎಂದ. ಇಂಜಿನ್ನು ನಿಂತಿತು. ಅದರ ಭಾರ ಸರಿಯಾಗಿ ನನ್ನ ಮೂರು ಗೀರುಗಳ ಮೇಲಿತ್ತು. ಅವನು ಅಲ್ಲಿ ನಿಂತದ್ದು ಎಷ್ಟು ಹೊತ್ತೋ. ದೇವರ ಹೆಸರು ಕೂಡ ನನಗೆ ನೆನಪಾಗಲಿಲ್ಲ. ಅವನೇನಾದರೂ ಹೋದರೆ ಈ ಹೆಣ್ಣುಮಗಳ ಕಡೆ ನಾನು ಹೇಗೆ ತಿರುಗಲಿ ಎಂಬುದೊಂದೇ ತಲೆಯಲ್ಲಿತ್ತು. ಬಾವುಟ ಮೇಲೆದ್ದಿತು. ಇಂಜಿನ್ನು ಮತ್ತೆ ಕದಲಿತು. ಕೊನೆಯ ಡಬ್ಬಿ ಆಚೆ ದಂಡೆ ಮುಟ್ಟಿದಾಗ ಕಾಶವ್ವ ಕೆಸರಲ್ಲೇ ಕೂತುಬಿಟ್ಟಳು.

ನಾಲ್ಕನೆಯ ದಿನ ನಡುಗಮಾನಿನಿಂದ ಒಂದು ಕಲ್ಲು ಕಳಚಿ ಹಳ್ಳಕ್ಕೆ ಬಿತ್ತು. ಆಗ ಪೂಲಿನ ಮೇಲೆ ಏನೂ ಇರಲಿಲ್ಲ. ಅಷ್ಟರಲ್ಲಿ ಹೊಸ ಫೋಟೋ ಮೇಲಕ್ಕೆ ಹೋಗಿತ್ತು. ಆ ಕಲ್ಲಿನ ಸುದ್ದಿಯೂ ಹೋಯಿತು. ತೊಲೆಗಳನ್ನು ಕೊಟ್ಟು ಕಮಾನು ಎತ್ತಿ ಹಿಡಿದರು, ಗಾಡಿ ಕೆಲವು ವಾರ ನಿಂತೇ ಹೋಯಿತು. ಸ್ಟೇಶನ್ನಿನಿಂದ ಸೀಟಿ ಬರುವುದು ನಿಂತರೂ ಮಧ್ಯಾಹ್ನವಾದರೆ ನನ್ನ ಕೈ ತಾನೇ ನಿಲ್ಲುತ್ತಿತ್ತು. ಸಿದ್ದಪ್ಪನನ್ನು ತಿರುಗಿ ಕೆಲಸಕ್ಕೆ ಕರೆದರು. ಯುದ್ಧದ ಕಾಲದ ಕಾಗದ ಬಹಳ ಖರಾಬು ಎಂದು ಊರೆಲ್ಲ ಮಾತಾಡಿಕೊಂಡಿತು. ಅದೂ ಸುಳ್ಳೇನಲ್ಲ, ಆ ಕಾಗದ ಖರಾಬೇ ಇತ್ತು.

ದೀಪಾವಳಿಯ ಹಿಂದುಮುಂದು ಸಿದ್ದಪ್ಪ ಮನೆಗೆ ಬಂದು, ಮಳೆಯಲ್ಲಿ ಗಾಜು ಹೊತ್ತು ತಂದ ಅಕ್ಕೋರನ್ನು ತಮ್ಮ ಮನೆಗೆ ಕಳಿಸಿಕೊಡಬೇಕು ಎಂದು ಯಜಮಾನರಿಗೆ ಕೈಮುಗಿದ. ನಾನು ಒಲ್ಲೆ ಎಂದೆ. ಜ್ವರ ಎಂದು ಹೇಳಿ ಕಳಿಸೋಣ ಎಂದೆ. ಯಜಮಾನರು, "ಹೋಗದಿದ್ರ ಸಂಶೆ ಬರತೈತಿ" ಎಂದರು. ಸಂಶಯದ ಮಾತು ಎತ್ತಿದರೆ ನಾನು ಸುಡುಗಾಡಿಗೂ ಹೋಗುವವಳಾಗಿದ್ದೆ. ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡೆ: ಗಂಡಸರು ಏನಾದರೂ ಹೇಳಿಕೊಳ್ಳಲಿ, ಕಾಶವ್ವನಿಗೊಬ್ಬಳಿಗೆ ಕಿವಿಯಲ್ಲಿ ಹೇಳಿಬಿಡುತ್ತೇನೆ. ತಪ್ಪಾಯಿತು ಎಂದು ಕೈ ಹಿಡಿಯುತ್ತೇನೆ. ಬೈದರೆ ಬೈಯಲಿ.

ಕಾಶವ್ವ ನನ್ನನ್ನು ಮಣೆಯ ಮೇಲೆ ಕೂರಿಸಿದಳು. ನೆರೆಮನೆಯ ನಾಲ್ಕು ಹೆಂಗಸರು ಬಂದಿದ್ದರು. ಗೋಡೆಯ ಮೇಲೆ ಈ ವರ್ಷದ ನೀರಿನ ಗೆರೆ ಹಿಂದಿನ ವರ್ಷದ್ದಕ್ಕಿಂತ ಒಂದು ಗೇಣು ಕೆಳಗಿತ್ತು. ಕುಂಕುಮ ಹಚ್ಚಿದಳು. ಹೊಸ ಕುಪ್ಪಸದ ಖಣ, ಐದು ಸೇರು ಜೋಳ, ಕೊಬ್ಬರಿ ಬಟ್ಟಲು, ಎಲೆಅಡಿಕೆ. ಎರಡು ತಿಂಗಳು ಪಗಾರವಿಲ್ಲದೆ ಕಳೆದ ಮನೆ. ನಾನು ಸೆರಗು ಒಡ್ಡಿದೆ, ಅವಳು ಬೊಗಸೆಬೊಗಸೆಯಾಗಿ ನನ್ನ ಉಡಿ ತುಂಬಿದಳು. ಈಗ ಹೇಳಬೇಕು ಎಂದು ನಾನು ಬಾಯಿ ತೆರೆದೆ.

"ಕಾಶವ್ವ" ಎಂದೆ.

"ಏನೂ ಅನಬ್ಯಾಡ್ರಿ ಯವ್ವಾ" ಎಂದಳು ಅವಳು. ಕಣ್ಣು ತುಂಬಿದ್ದವು. "ಊರ ಮಂದಿಯೆಲ್ಲ ನನ್ನ ಗಂಡನ್ನ ಸುಳ್ಳ ಅಂದಾಗ, ಖರೇದ್ದ ಹೊತಗೊಂಡ ಬಂದಾಕಿ ನೀವೊಬ್ಬರ."

ಅಷ್ಟೂ ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಹೊರಗೆ ಕಟ್ಟೆಯ ಮೇಲೆ ಸಿದ್ದಪ್ಪ ಯಾರೊಂದಿಗೋ ನಗುತ್ತಿದ್ದ. ನನ್ನ ಗಂಟಲಿಗೆ ಬಂದದ್ದು ಹಾಗೇ ಕೆಳಗಿಳಿಯಿತು. ಕಾಶವ್ವ, ನನಗಿಂತ ಇಪ್ಪತ್ತು ವರ್ಷ ದೊಡ್ಡವಳು, ಸೆರಗು ಹೊದ್ದು, ಬಗ್ಗಿ, ನನ್ನ ಕಾಲ ಮೇಲೆ ಹಣೆ ಇಟ್ಟಳು. ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.